ಕೊಂಡಿ ಕಳಚಿದ ಜಾಗ: ಲಿಂಕನ್ ಮನೆತನದ ಏಳು ತಲೆಮಾರು

1848ರ ಮಾರ್ಚ್ ತಿಂಗಳು. ಅಬ್ರಹಾಂ ಲಿಂಕನ್ ಆಗ ವಾಷಿಂಗ್ಟನ್‌ನಲ್ಲಿ ಸಂಸದ, ವಯಸ್ಸು 39, ಕಸುಬು ವಕೀಲಿ. ಮ್ಯಾಸಚೂಸೆಟ್ಸ್‌ನ ಹಿಂಗಮ್ ಎಂಬ ಊರಿನ ಸಾಲಮನ್ ಲಿಂಕನ್ ತನ್ನೂರಿನ ಚರಿತ್ರೆ ಬರೆದಿದ್ದ ಮನುಷ್ಯ. ನಿಮ್ಮ ಮೂಲ ಎಲ್ಲಿಯದು ಎಂಬ ಅವನ ವಿಚಾರಣೆಗೆ ಲಿಂಕನ್ ಉತ್ತರ ಬರೆದ. ಅಪ್ಪನ ಹೆಸರು ಥಾಮಸ್, ಅಜ್ಜನದು ನನ್ನದೇ ಹೆಸರು, ಅಬ್ರಹಾಂ. ಅಜ್ಜ ವರ್ಜೀನಿಯಾದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ವಿಭಾಗ) 1782ರ ಸುಮಾರಿಗೆ ಕೆಂಟಕಿಗೆ ಹೋದ, ಎರಡು ವರ್ಷದ ಮೇಲೆ ಮೂಲನಿವಾಸಿಗಳ ಕೈಯಲ್ಲಿ ಸತ್ತ. ಮುತ್ತಜ್ಜ ಪೆನ್ಸಿಲ್ವೇನಿಯಾದಿಂದ ವರ್ಜೀನಿಯಾಕ್ಕೆ ಬಂದವನು, ಕ್ವೇಕರ್ ಎಂಬ ಕ್ರೈಸ್ತ ಪಂಥದವನು ಎಂದು ಮನೆಯಲ್ಲಿ ಒಂದು ಮಸುಕು ಮಾತಿದೆ. ಅದರಾಚೆ ಏನೂ ಕೇಳಿಲ್ಲ. ಅಬ್ರಹಾಂ, ಮಾರ್ಡೆಕೈ ಎಂಬ ಹೆಸರುಗಳು ನಮ್ಮವರಲ್ಲಿ ಹೆಚ್ಚು, ಇದನ್ನು ಹೇಳಿದರೆ ತಪ್ಪೇನಿಲ್ಲ ಎಂದೂ ಒಂದು ಮಾತು ಸೇರಿಸಿದ.

ಹನ್ನೊಂದು ವರ್ಷದ ಮೇಲೆ, 1859ರ ಡಿಸೆಂಬರ್‌ನಲ್ಲಿ, ತನ್ನ ಬದುಕಿನ ಚಿಕ್ಕ ಟಿಪ್ಪಣಿ ಬರೆಯುವಾಗಲೂ ಅವನು ನಿಂತಿದ್ದದ್ದು ಅದೇ ಜಾಗದಲ್ಲಿ. ನ್ಯೂ ಇಂಗ್ಲೆಂಡಿನ ಲಿಂಕನ್ನರ ಜೊತೆ ನಮ್ಮವರನ್ನು ಸೇರಿಸಲು ನಡೆದ ಪ್ರಯತ್ನದಲ್ಲಿ ಹೆಸರುಗಳ ಹೋಲಿಕೆ ಬಿಟ್ಟು ಖಚಿತವಾದದ್ದು ಏನೂ ಸಿಗಲಿಲ್ಲ ಎಂದು ಬರೆದ.

ಈ ಮಾತು ಬಹಳ ಕಾಡುತ್ತದೆ. ಕಾಗದಪತ್ರಗಳ ಬೆಲೆ ಬಲ್ಲ ವಕೀಲ ಅವನು. ಪತ್ರ ಬರೆಯುವ ಹೊತ್ತಿಗೆ ಅಪ್ಪ ಥಾಮಸ್ ಇನ್ನೂ ಬದುಕಿದ್ದ. ಹಿಂಗಮ್‌ನ ಸಾಲಮನ್ ಬಳಿ ಆ ಊರಿನ ಲಿಂಕನ್ನರ ವಿವರವಿತ್ತು. ಒಂದು ತುದಿ ಇವನ ಕೈಯಲ್ಲಿ, ಇನ್ನೊಂದು ತುದಿ ಅವನ ಕೈಯಲ್ಲಿ. ನಡುವೆ ಎರಡು ತಲೆಮಾರಿನ ದೂರವಷ್ಟೆ. ಆದರೂ ಇಬ್ಬರಿಗೂ ಅದನ್ನು ಜೋಡಿಸಲು ಆಗಲಿಲ್ಲ. 1865ರಲ್ಲಿ ತೀರಿಕೊಳ್ಳುವವರೆಗೂ ಲಿಂಕನ್‌ಗೆ ತನ್ನ ಮೂಲಪುರುಷ ಯಾರೆಂದು ತಿಳಿಯಲಿಲ್ಲ. ಸರಪಳಿ ಕೂಡಿದ್ದು ಅವನು ಹೋದ ಮೇಲೆ, ಆ ಶತಮಾನದ ಕೊನೆಯ ದಶಕಗಳಲ್ಲಿ. ಯಾವ ಕಾಗದಗಳಿಂದ ಕೂಡಿತು ಎಂದು ನೋಡುತ್ತಾ ಹೋದರೆ, ಹದಿನೇಳು, ಹದಿನೆಂಟನೇ ಶತಮಾನಗಳ ಅಮೆರಿಕದ ಯಾವುದೇ ಮನೆತನವನ್ನು ಹುಡುಕುವ ದಾರಿಯೂ ಅದರಲ್ಲೇ ಕಾಣುತ್ತದೆ.

ಮುಚ್ಚಳಿಕೆ ಸಿಕ್ಕ ಊರು

ವಂಶ ಹುಡುಕುವುದು ಈಚಿನವರಿಂದ ಹಿಂದಕ್ಕೆ. ಪ್ರಸಿದ್ಧ ಪೂರ್ವಜನೊಬ್ಬನನ್ನು ಮೊದಲೇ ಆರಿಸಿಕೊಂಡು ಕೆಳಗಿಳಿದರೆ, ಇಳಿದ ದಾರಿಯೆಲ್ಲ ನಮ್ಮ ಮನೆ ಬಾಗಿಲಿಗೇ ಬಂದ ಹಾಗೆ ಕಾಣುತ್ತದೆ. ಪ್ರತಿ ಮೆಟ್ಟಿಲಿನಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಇವನು ಇವನ ಮಗ ಎಂದು ಹೇಳುವ ಕಾಗದ ಯಾವುದು? ಹೆಸರು, ಊರು, ಕಾಲ ಹೊಂದಿದರೆ ಸಾಲದು, ಸಂಬಂಧವನ್ನು ಹೇಳುವ ಕಾಗದವೇ ಬೇಕು. ಜನಗಣತಿಯನ್ನು ನಂಬಿ ಕೂರುವ ಹಾಗಿಲ್ಲ. ಅಮೆರಿಕದ ಮೊದಲ ಜನಗಣತಿ 1790ರಲ್ಲಿ ನಡೆಯಿತು. 1850ರವರೆಗೆ ಅದರಲ್ಲಿ ಮನೆಯ ಯಜಮಾನನ ಹೆಸರು ಮಾತ್ರ, ಹೆಂಡತಿ ಮಕ್ಕಳೆಲ್ಲ ವಯಸ್ಸಿನ ಕಾಲಂಗಳಲ್ಲಿ ಬರಿಯ ಅಂಕೆಗಳು. ವರ್ಜೀನಿಯಾ ಮತ್ತು ಕೆಂಟಕಿಯ 1790ರ ಹಾಳೆಗಳಂತೂ ಉಳಿದೇ ಇಲ್ಲ, ಅಲ್ಲಿ ತೆರಿಗೆ ಪಟ್ಟಿಗಳೇ ಗತಿ. ಹಾಗಾಗಿ ಕೆಲಸವೆಲ್ಲ ಕೌಂಟಿ ಕಚೇರಿಯ ಕಪಾಟಿನಲ್ಲಿ.

ಆ ಕಪಾಟು ಯಾವ ಕೌಂಟಿಯದು ಎಂಬುದರಲ್ಲೇ ಅರ್ಧ ಜನ ದಾರಿ ತಪ್ಪುತ್ತಾರೆ. ಥಾಮಸ್ ಲಿಂಕನ್ ಮತ್ತು ನ್ಯಾನ್ಸಿ ಹ್ಯಾಂಕ್ಸ್ ಸಂಸಾರ ಹೂಡಿದ್ದು ಕೆಂಟಕಿಯ ಹಾರ್ಡಿನ್ ಕೌಂಟಿಯಲ್ಲಿ. ಮಗ ಅಬ್ರಹಾಂ ಹುಟ್ಟಿದ್ದೂ ಅಲ್ಲೇ. ಹಾಗಾಗಿ ಹುಡುಕಿದವರು ಹಾರ್ಡಿನ್‌ನ ಮದುವೆ ಕಡತಗಳನ್ನು ತಿರುವಿದರು. ಸಿಗಲಿಲ್ಲ. ಸಿಗದೇ ಹೋದಾಗ ‘ದಾಖಲೆ ಇಲ್ಲ’ ಎಂಬ ಮಾತು ನಿಧಾನವಾಗಿ ‘ಮದುವೆಯೇ ಆಗಿರಲಿಲ್ಲ’ ಎಂಬ ಗುಸುಗುಸುವಾಯಿತು. ಸತ್ತು ಎಷ್ಟೋ ಕಾಲವಾಗಿದ್ದ ಒಬ್ಬ ಹೆಣ್ಣುಮಗಳ ಮೇಲೆ ಆ ಮಾತು ವರ್ಷಾನುಗಟ್ಟಲೆ ಕೂತಿತ್ತು.

1878ರಲ್ಲಿ ಪಕ್ಕದ ವಾಷಿಂಗ್ಟನ್ ಕೌಂಟಿಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಕೌಂಟಿ ಗುಮಾಸ್ತ ಡಬ್ಲ್ಯು. ಎಫ್. ಬುಕರ್ ತನ್ನ ಕಚೇರಿಯ ಹಳೆಯ ಕಟ್ಟುಗಳಲ್ಲಿ ಹುಡುಕಿದ. ಸಿಕ್ಕಿತು! ಒಂದಲ್ಲ, ಎರಡು ಕಾಗದ. ಒಂದು ಮದುವೆಯ ಮುಚ್ಚಳಿಕೆ: 1806ರ ಜೂನ್ 10, ಐವತ್ತು ಪೌಂಡ್‌ಗಳದ್ದು, ಥಾಮಸ್ ಲಿಂಕನ್ ಮತ್ತು ರಿಚರ್ಡ್ ಬೆರಿ ಸಹಿ. ಇನ್ನೊಂದು, ಮದುವೆ ಮಾಡಿಸಿದ ಪಾದ್ರಿ ಜೆಸ್ಸಿ ಹೆಡ್ ತಾನು ಮಾಡಿಸಿದ ಮದುವೆಗಳನ್ನೆಲ್ಲ ಪಟ್ಟಿ ಮಾಡಿ ಕಚೇರಿಗೆ ಒಪ್ಪಿಸಿದ ವರದಿ. ಅದರಲ್ಲಿ ಇವರದು ಜೂನ್ 12. ಮುಚ್ಚಳಿಕೆ ಬರೆದುಕೊಡುತ್ತಿದ್ದದ್ದು ಮದುಮಗಳ ಕೌಂಟಿಯಲ್ಲಿ, ಮುಂದೆ ದಂಪತಿ ನೆಲೆಸುವ ಕಡೆ ಅಲ್ಲ. ನ್ಯಾನ್ಸಿ ಆಗ ಬೆರಿ ಮನೆತನದ ಆಶ್ರಯದಲ್ಲಿ ವಾಷಿಂಗ್ಟನ್ ಕೌಂಟಿಯಲ್ಲಿದ್ದಳು. ಇಷ್ಟು ಗೊತ್ತಿದ್ದಿದ್ದರೆ ಆ ಅಪವಾದ ಹುಟ್ಟುತ್ತಲೇ ಇರಲಿಲ್ಲ.

ಈ ಎರಡು ತಾರೀಖುಗಳನ್ನು ಕಲೆಸಬಾರದು. ಮುಚ್ಚಳಿಕೆ ಎಂದರೆ ‘ಈ ಮದುವೆಗೆ ಕಾನೂನಿನ ಅಡ್ಡಿಯಿಲ್ಲ, ಇದ್ದರೆ ಇಷ್ಟು ಹಣ ಕಟ್ಟುತ್ತೇವೆ’ ಎಂಬ ಜವಾಬ್ದಾರಿ ಮಾತ್ರ. ಮುಚ್ಚಳಿಕೆ ಬರೆದೂ ಮದುವೆ ಮುರಿದ ಉದಾಹರಣೆಗಳುಂಟು. ಪಾದ್ರಿಯ ವರದಿ ಇದ್ದರೆ ಮಾತ್ರ ಮದುವೆಯ ದಿನ ಎನ್ನಬೇಕು. ಮುಚ್ಚಳಿಕೆಗೆ ಜೊತೆಯಲ್ಲಿ ಸಹಿ ಹಾಕಿದವನು ಬಹುಪಾಲು ಹೆಣ್ಣಿನ ಕಡೆಯ ಅಣ್ಣ, ಅಪ್ಪ ಅಥವಾ ಪೋಷಕ. ಅವಳ ತವರು ಹುಡುಕಲು ಅದೇ ಮೊದಲ ಸುಳಿವು. ನ್ಯಾನ್ಸಿಯ ತವರಿನ ಕಥೆಯಂತೂ ಕಾಗದದಲ್ಲಿ ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಅವಳ ತಾಯಿ ಲೂಸಿ ಹ್ಯಾಂಕ್ಸ್ ಎಂಬ ಮಾತಿಗೆ 2015ರಲ್ಲಿ ಹೊರಬಂದ ಮೈಟೋಕಾಂಡ್ರಿಯಾ ಡಿಎನ್‌ಎ ಅಧ್ಯಯನದಿಂದ ಬಲ ಬಂತು. ಆ ಡಿಎನ್‌ಎ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುವುದರಿಂದ, ಹೆಣ್ಣುಮಕ್ಕಳ ಸಾಲಿನಲ್ಲೇ ಬಂದ ಇಂದಿನವರನ್ನು ಹುಡುಕಿ ಹೋಲಿಸಬೇಕಾಯಿತು. ಪ್ರತಿ ತಲೆಮಾರಿಗೂ ಮನೆತನದ ಹೆಸರು ಬದಲಾಗುವ ಸಾಲು ಅದು. ಆ ಹುಡುಕಾಟಕ್ಕೂ ಕೊನೆಗೆ ಬೇಕಾದದ್ದು ಕೌಂಟಿಯ ಕಾಗದಗಳೇ.

ಗುರುತು ಹಾಕಿದವನು ಅಬ್ರಹಾಂ

ಥಾಮಸ್‌ನಿಂದ ಒಂದು ಮೆಟ್ಟಿಲು ಹಿಂದೆ ಹೋದರೆ ಅಜ್ಜ ಅಬ್ರಹಾಂ, ವರ್ಜೀನಿಯಾ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವನು. ಅವನ ಸಾವು ಯಾವ ವರ್ಷ? ಮೊಮ್ಮಗನ ಪತ್ರದ ಲೆಕ್ಕದಲ್ಲಿ 1784. ಅಪ್ಪನಿಗೆ ಆಗ ಆರು ವರ್ಷ ಎಂದೂ ಅದೇ ಪತ್ರದಲ್ಲಿದೆ. ಥಾಮಸ್ ಹುಟ್ಟಿದ್ದು 1778 ಎಂದರೆ ಲೆಕ್ಕ ಸರಿಹೋಗುತ್ತದೆ. ಸರಿಹೋಯಿತು ಎಂದು ಬರೆದುಕೊಂಡು ಮುಂದೆ ಹೋಗುವವರೇ ಹೆಚ್ಚು. ಆದರೆ ಎರಡೂ ಅಂಕೆಗಳು ಒಂದೇ ಬಾಯಿಂದ ಬಂದವು, ಒಂದಕ್ಕೊಂದು ಸಾಕ್ಷಿಯಾಗಲಾರವು.

ಬೇರೆ ಸಾಕ್ಷಿ ಜೆಫರ್ಸನ್ ಕೌಂಟಿಯ ಸರ್ವೆ ಪುಸ್ತಕದಲ್ಲಿದೆ. ಆಗ ಕೆಂಟಕಿ ಇನ್ನೂ ವರ್ಜೀನಿಯಾದ ಭಾಗ. ಅಲ್ಲಿ ಜಮೀನು ಪಡೆಯಲು ನಾಲ್ಕು ಹಂತ: ಖಜಾನೆಗೆ ದುಡ್ಡು ಕಟ್ಟಿ ವಾರಂಟ್, ಆಮೇಲೆ ಇಂಥ ಜಾಗ ಎಂದು ಬರೆಸುವ ಎಂಟ್ರಿ, ಆಮೇಲೆ ಸರ್ವೆ, ಕೊನೆಗೆ ಸರ್ಕಾರದ ಪಟ್ಟೆ. ನೂರು ಎಕರೆಗೆ 40 ಪೌಂಡ್. ಇವನು 160 ಪೌಂಡ್ ಕಟ್ಟಿ 400 ಎಕರೆಗೆ ವಾರಂಟ್ ಪಡೆದ. ಸರ್ವೆ ನಡೆದದ್ದು 1785ರ ಮೇ 7ರಂದು, ಲಾಂಗ್ ರನ್ ಎಂಬ ತೊರೆಯ ದಂಡೆಯಲ್ಲಿ. ಚೆಕ್ಕುಬಂದಿ ಹೀಗಿದೆ: ತೊರೆಯ ಬದಿಯ ಶುಗರ್ ಮರದಿಂದ ಪೂರ್ವಕ್ಕೆ 300 ಪೋಲ್, ಅಲ್ಲಿಂದ ಉತ್ತರಕ್ಕೆ 213⅓ ಪೋಲ್, ಪಶ್ಚಿಮಕ್ಕೆ 300, ದಕ್ಷಿಣಕ್ಕೆ 213⅓ ಇಳಿದು ಹೊರಟ ಮರಕ್ಕೇ ವಾಪಸ್. ಮೂಲೆಮೂಲೆಗೂ ಮರಗಳೇ ಕಲ್ಲುಕಂಬ.

ಇಂಥ ಕಾಗದ ಕೈಗೆ ಬಂದರೆ ಮೊದಲು ಗುಣಿಸಿ ನೋಡಬೇಕು. ಒಂದು ಪೋಲ್ ಎಂದರೆ 16½ ಅಡಿ, ಒಂದು ಎಕರೆಗೆ 160 ಚದರ ಪೋಲ್. 300ನ್ನು 213⅓ರಿಂದ ಗುಣಿಸಿದರೆ 64,000, ಅದನ್ನು 160ರಿಂದ ಭಾಗಿಸಿದರೆ ಸರಿಯಾಗಿ 400. ಎಂದರೆ ನಕಲು ಮಾಡಿದವನು ಅಂಕೆ ತಪ್ಪಿಸಿಲ್ಲ. (ನಮ್ಮ ಗುಂಟೆಯೂ ಇದೇ ಅಳತೆಯ ಕುಲದ್ದು. 33 ಅಡಿ ಚೌಕ ಎಂದರೆ ಎರಡು ಪೋಲ್ ಉದ್ದ, ಎರಡು ಪೋಲ್ ಅಗಲ. ಹಾಗಾಗಿ ನಾಲ್ಕು ಚದರ ಪೋಲ್ ಸೇರಿದರೆ ಒಂದು ಗುಂಟೆ.) ಗುಣಾಕಾರ ತಪ್ಪಿದರೆ, ಇಲ್ಲವೇ ಕೋನಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆದಾಗ ಕೊನೆಯ ಗೆರೆ ಮೊದಲ ಮರಕ್ಕೆ ಬಂದು ಕೂಡದಿದ್ದರೆ, ಒಂದು ಸಾಲು ಬಿಟ್ಟುಹೋಗಿದೆ ಎಂದೇ ಅರ್ಥ. ಆಗ ಮೂಲ ಪುಸ್ತಕದ ಚಿತ್ರವನ್ನೇ ತರಿಸಿಕೊಳ್ಳಬೇಕು.

ಇನ್ನು ಕಾಗದದ ಕೊನೆಯ ಸಾಲು. ಅಳತೆಯ ಸರಪಳಿ ಹಿಡಿದವರು ಹನಾನಿಯಾ ಲಿಂಕನ್, ಜೊಸೈಯ ಲಿಂಕನ್. ಮರಗಳಿಗೆ ಗುರುತು ಹಾಕಿದವನು ಅಬ್ರಹಾಂ ‘ಲಿಂಕ್‌ಹಾರ್ನ್’. ಸರ್ವೆಯ ದಿನ ಅವನು ಕಚ್ಚುಕತ್ತಿಯೋ ಕೊಡಲಿಯೋ ಹಿಡಿದು ಕಾಡಿನಲ್ಲಿ ಓಡಾಡುತ್ತಿದ್ದಾನೆ. 1784ರಲ್ಲಿ ಸತ್ತವನು 1785ರಲ್ಲಿ ಮರ ಕಚ್ಚು ಮಾಡಲಾರ. ಸಾವು 1786 ಎಂದು ಇಂದು ಒಪ್ಪಿರುವುದಕ್ಕೆ ದಾರಿ ತೆರೆಯುವುದು ಇಂಥ ಸಾಲುಗಳೇ. ಆಸ್ತಿ ಕಾಗದದಲ್ಲಿ ಕೊಂಡವನ ಹೆಸರಷ್ಟೇ ಓದಿ ಬಿಡುವವರು ಇಂಥದ್ದನ್ನು ಕಳೆದುಕೊಳ್ಳುತ್ತಾರೆ. ಸರಪಳಿ ಹಿಡಿದವರು, ಸಾಕ್ಷಿಗಳು, ಅಕ್ಕಪಕ್ಕದ ಜಮೀನಿನವರು, ಇವರೇ ನೆಂಟರು. ಜೊಸೈಯ ಎಂಬುದು ಆ ಅಬ್ರಹಾಂನ ಎರಡನೇ ಮಗನ ಹೆಸರೂ ಹೌದು.

ಸಾವಿನ ವರ್ಷ ಯಾಕೆ ಮುಖ್ಯ ಎಂದರೆ, ಆಸ್ತಿ ಹೋದ ದಾರಿ ಅದರ ಮೇಲೆ ನಿಂತಿದೆ. ಅಬ್ರಹಾಂ ಉಯಿಲು ಬರೆದಿರಲಿಲ್ಲ. ಉಯಿಲಿಲ್ಲದೆ ಸತ್ತವನ ಜಮೀನೆಲ್ಲ ಹಿರಿಯ ಮಗನಿಗೆ ಎಂಬುದು ವರ್ಜೀನಿಯಾದ ಹಳೆಯ ಕಾನೂನು. ಅದನ್ನು ರದ್ದು ಮಾಡುವ ಕಾಯಿದೆ 1785ರಲ್ಲೇ ಆಗಿದ್ದರೂ ಜಾರಿಗೆ ಬಂದದ್ದು 1787ರ ಜನವರಿ 1ಕ್ಕೆ. ಕೆಲವೇ ತಿಂಗಳ ಅಂತರದಲ್ಲಿ ಹಿರಿಯ ಮಗ ಮಾರ್ಡೆಕೈಗೆ ಎಲ್ಲ ಹೋಯಿತು, ಕಿರಿಯ ಥಾಮಸ್‌ಗೆ ಏನೂ ಸಿಗಲಿಲ್ಲ. ಅನಾಥನಾಗಿ, ಬಡತನದಲ್ಲಿ, ಹೊಸ ಸೀಮೆಯಲ್ಲಿ ಬೆಳೆದ ಅಪ್ಪ ಓದು ಬರಹ ಕಲಿಯಲಿಲ್ಲ, ನಮ್ಮ ಮನೆತನದ ಬಗ್ಗೆ ನನಗೆ ತಿಳಿಯದಿರಲು ಅದೇ ಕಾರಣವಿರಬೇಕು ಎಂದು ಮಗ 1848ರಲ್ಲಿ ಬರೆದದ್ದರ ಹಿಂದೆ ಈ ಕಾನೂನೂ ಇದೆ.

‘ಲಿಂಕ್‌ಹಾರ್ನ್’ ಬಗ್ಗೆ ಒಂದು ಮಾತು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆಯುತ್ತಿದ್ದರು. ಉಚ್ಚಾರಣೆ ಹಿಡಿದು ಹೆಸರುಗಳನ್ನು ಗುಂಪು ಮಾಡುವ ಸೌಂಡೆಕ್ಸ್ ಸಂಕೇತ ಇಂಥದ್ದನ್ನೆಲ್ಲ ಹಿಡಿಯುತ್ತದೆ ಎಂದು ನಂಬಿ ಹುಡುಕುವವರಿದ್ದಾರೆ. ಲಿಂಕನ್‌ಗೆ ಎಲ್-524 ಬರುತ್ತದೆ, ಲಿಂಕ್‌ಹಾರ್ನ್‌ಗೆ ಎಲ್-526, ಇಂಗ್ಲಿಷ್‌ನಲ್ಲಿ ಎರಡನೇ ‘ಎಲ್’ ಅಕ್ಷರ ಬಿಟ್ಟು ಬರೆದ ಲಿಂಕನ್‌ಗೆ ಎಲ್-525. ಮೂರೂ ಬೇರೆ ಬೇರೆ ಪೆಟ್ಟಿಗೆ. ಆದ್ದರಿಂದ ಹೆಸರಿನ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಒಂದೊಂದನ್ನೇ ಹುಡುಕಬೇಕು, ಬೇರೆ ಉಪಾಯವಿಲ್ಲ.

ಸುಟ್ಟ ಕಡತ, ಉಳಿದ ಕಡತ

ಈ ಅಬ್ರಹಾಂನ ತಂದೆ ಜಾನ್. ಪೆನ್ಸಿಲ್ವೇನಿಯಾ ಬಿಟ್ಟು 1768ರ ಸುಮಾರಿಗೆ ವರ್ಜೀನಿಯಾದ ಲಿನ್‌ವಿಲ್ ಕ್ರೀಕ್ ದಂಡೆಗೆ ಬಂದವನು. ಆ ಜಾಗ ಇಂದು ರಾಕಿಂಗ್‌ಹ್ಯಾಮ್ ಕೌಂಟಿ. 1864ರ ಅಂತರ್ಯುದ್ಧದಲ್ಲಿ ರಾಕಿಂಗ್‌ಹ್ಯಾಮ್‌ನ ಕಡತಗಳನ್ನು ಕಾಪಾಡಲೆಂದು ಗಾಡಿಗೆ ಹೇರಿ ಸಾಗಿಸುವಾಗ ಸೈನಿಕರು ಬೆಂಕಿ ಹಚ್ಚಿದರು. ಅಂಚು ಸುಟ್ಟ ಪುಸ್ತಕಗಳು ಈಗಲೂ ಇವೆ. ಇದನ್ನು ಕೇಳಿದೊಡನೆ ಕೈಚೆಲ್ಲುವವರು ಒಂದು ವಿಷಯ ಮರೆಯುತ್ತಾರೆ. ರಾಕಿಂಗ್‌ಹ್ಯಾಮ್ ಹುಟ್ಟಿದ್ದೇ 1778ರಲ್ಲಿ. ಅದಕ್ಕೆ ಮುಂಚೆ ಅದು ಆಗಸ್ಟಾ ಕೌಂಟಿ, ಅದರ ಕಚೇರಿ ಸ್ಟಾಂಟನ್‌ನಲ್ಲಿ, ಅಲ್ಲಿಯ ಕಡತಗಳಿಗೆ ಆ ಬೆಂಕಿ ತಾಗಲಿಲ್ಲ. ಜಾನ್ ಮತ್ತು ಹೆಂಡತಿ ರೆಬೆಕಾ 1773ರಲ್ಲಿ ಮಗ ಅಬ್ರಹಾಂಗೆ ಹೆಸರಿಗಷ್ಟೇ ಬೆಲೆ ಬರೆದು ಜಮೀನು ಬಿಟ್ಟುಕೊಟ್ಟ ಪತ್ರ ಆ ಹಳೆಯ ಕಾಲದ್ದು. ನೂರಾರು ಎಕರೆಗೆ ನಾಲ್ಕಾರು ಶಿಲಿಂಗ್ ಬೆಲೆ ಕಂಡರೆ ಅದು ಮಾರಾಟವಲ್ಲ, ಅಪ್ಪ ಮಗನಿಗೆ ಕೊಟ್ಟ ಪಾಲು. ಕೊಂಡಿ ಅಲ್ಲೇ ಸಿಕ್ಕಿತು.

ಪ್ರತಿ ಊರಿನ ಎದುರು ಇಂದಿನ ಕೌಂಟಿಯ ಹೆಸರಲ್ಲ, ಆ ವರ್ಷದ ಕೌಂಟಿಯ ಹೆಸರು ಬರೆಯಬೇಕು. ಪೆನ್ಸಿಲ್ವೇನಿಯಾದಲ್ಲೂ ಇದೇ ಪಾಠ. ಮನೆಯವರ ನೆನಪಿನಲ್ಲಿ ಉಳಿದದ್ದು ‘ಬರ್ಕ್ಸ್ ಕೌಂಟಿ’. ಆದರೆ ಬರ್ಕ್ಸ್ ರಚನೆಯಾದದ್ದು 1752ರಲ್ಲಿ. ಜಾನ್‌ನ ತಂದೆ ಮಾರ್ಡೆಕೈ ತೀರಿಕೊಂಡದ್ದು 1736ರಲ್ಲಿ. ಆ ಉಯಿಲನ್ನು ಬರ್ಕ್ಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅದು ಆಗಿನ ಫಿಲಡೆಲ್ಫಿಯಾ ಕೌಂಟಿಯ ಕಾಗದ.

ಆಚೆ ದಡ

ಸೇತುವೆಯ ಇನ್ನೊಂದು ದಡ ಹಿಂಗಮ್. 1637ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ನಾರ್ವಿಚ್‌ನ ನೇಕಾರ ಫ್ರಾನ್ಸಿಸ್ ಲಾಸ್ ಹೆಂಡತಿ, ಮಗಳು, ಇಬ್ಬರು ಕೆಲಸದವರೊಂದಿಗೆ ನ್ಯೂ ಇಂಗ್ಲೆಂಡಿಗೆ ಹಡಗು ಹತ್ತಲು ಅನುಮತಿ ಕೇಳಿದ. ಕೆಲಸದ ಹುಡುಗನ ಹೆಸರು ಪಟ್ಟಿಯಲ್ಲಿ ‘ಸ್ಯಾಮ್ಯುಯೆಲ್ ಲಿಂಕಾರ್ನ್’, ವಯಸ್ಸು 18. ಇವನೇ ಈ ಮನೆತನದ ಮೂಲಪುರುಷ. ಇಂಗ್ಲೆಂಡಿನಲ್ಲೂ ಹಿಂಗಮ್ ಎಂಬ ಊರಿದೆ, ಅಲ್ಲಿಯ ಚರ್ಚಿನಲ್ಲಿ ಸ್ಯಾಮ್ಯುಯೆಲ್ ಲಿಂಕನ್‌ನ ದೀಕ್ಷಾಸ್ನಾನ 1622ರ ಆಗಸ್ಟ್ 24. ಅದರ ಪ್ರಕಾರ ಹಡಗು ಹತ್ತುವಾಗ ಹದಿನಾಲ್ಕು. ಇಂಥ ಕಡೆ ಒಂದು ಅಂಕೆಯನ್ನು ಅಳಿಸಿ ಇನ್ನೊಂದನ್ನು ಉಳಿಸಬಾರದು. ದೀಕ್ಷಾಸ್ನಾನದ ದಿನ ಹುಟ್ಟಿದ ದಿನವಲ್ಲ, ಮಗು ತಡವಾಗಿಯೂ ಚರ್ಚಿಗೆ ಬಂದಿರಬಹುದು. ಹಡಗಿನ ಪಟ್ಟಿಯಲ್ಲಿ ಹುಡುಗ ವಯಸ್ಸು ಏರಿಸಿ ಹೇಳಿರಲೂಬಹುದು. ಎರಡನ್ನೂ ಪಕ್ಕಪಕ್ಕ ಬರೆದಿಡುವುದೇ ಸರಿ.

ಮ್ಯಾಸಚೂಸೆಟ್ಸ್‌ನ ಹಿಂಗಮ್‌ನಲ್ಲಿ ಆ ಕಾಲಕ್ಕೆ ನಾಲ್ವರು ಥಾಮಸ್ ಲಿಂಕನ್ನರಿದ್ದರು: ನೇಕಾರ ಥಾಮಸ್, ಪೀಪಾಯಿ ಕಟ್ಟುವ ಥಾಮಸ್, ಗಿರಣಿಯ ಥಾಮಸ್, ಬೇಸಾಯದ ಥಾಮಸ್. ಊರಿನ ಪುಸ್ತಕದಲ್ಲಿ ಅವರನ್ನು ಬೇರ್ಪಡಿಸುವುದು ಕಸುಬು ಮಾತ್ರ. ಸ್ಯಾಮ್ಯುಯೆಲ್‌ನ ಅಣ್ಣ ನೇಕಾರ. ಇಂಥ ಊರಿನಲ್ಲಿ ಒಬ್ಬನನ್ನೇ ಹುಡುಕುವುದು ಅಪಾಯ. ಆ ಹೆಸರಿನವರೆಲ್ಲರಿಗೂ ಒಂದೊಂದು ಹಾಳೆ ತೆರೆದು, ಹೆಂಡತಿ, ಕಸುಬು, ಜಮೀನು, ಸಾವು ಎಂದು ಹಂಚುತ್ತಾ ಹೋಗಬೇಕು. ಕಾಗದದಲ್ಲಿ ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ಅಪ್ಪ ಮಗನೆಂದು ತಿಳಿಯಬಾರದು, ಊರಿನಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯ ಎಂದಷ್ಟೇ. ಹಿರಿಯ ಸತ್ತ ಮರುದಿನ ಕಿರಿಯನೇ ಸೀನಿಯರ್.

ಸ್ಯಾಮ್ಯುಯೆಲ್‌ನ ಮಗ ಮಾರ್ಡೆಕೈ, ಹುಟ್ಟಿದ್ದು 1657, ಕಮ್ಮಾರ. ಮದುವೆಯಾದದ್ದು ಹಲ್ ಎಂಬ ಊರಿನ ಅಬ್ರಹಾಂ ಜೋನ್ಸ್‌ನ ಮಗಳು ಸಾರಾಳನ್ನು. ತಾಯಿಯ ತಂದೆಯ ಹೆಸರು ಮೊಮ್ಮಗನಿಗೆ ಬಂತು. ಅಜ್ಜನ ಹೆಸರು ಮೊಮ್ಮಗನಿಗಿಡುವುದು ನಮಗೆ ಹೊಸದಲ್ಲ. ಅಮೆರಿಕದ ಲಿಂಕನ್ನರೊಳಗೆ ಅಬ್ರಹಾಂ ಎಂಬ ಹೆಸರು ಹೊಕ್ಕದ್ದು ಹೀಗೆ, ಒಬ್ಬ ಸೊಸೆಯ ತವರಿನಿಂದ. ಲಿಂಕನ್ 1848ರಲ್ಲಿ ಪತ್ರದ ಕೊನೆಗೆ ಹೇಳಿದ ಆ ಎರಡು ಹೆಸರುಗಳು ನೇರವಾಗಿ ಈ ಮನೆಯನ್ನೇ ತೋರಿಸುತ್ತಿದ್ದವು. ತೋರಿಸುತ್ತಿದ್ದವು, ಆದರೆ ಸಾಬೀತುಪಡಿಸುತ್ತಿರಲಿಲ್ಲ.

ಮುನ್ನೂರು ಎಕರೆ

ಕಮ್ಮಾರನ ಮಗನೂ ಮಾರ್ಡೆಕೈ, ಹುಟ್ಟಿದ್ದು 1686ರಲ್ಲಿ ಹಿಂಗಮ್‌ನಲ್ಲಿ. ಅವನೂ ತಮ್ಮ ಅಬ್ರಹಾಂನೂ ನ್ಯೂ ಜೆರ್ಸಿಯ ಮಾನ್ಮತ್ ಕೌಂಟಿಗೆ ಹೋದರು. ಹಿಂಗಮ್‌ನ ಪುಸ್ತಕದಲ್ಲಿ ಅವನ ಕಥೆ ಮುಂದುವರಿಯುವುದಿಲ್ಲ. ನ್ಯೂ ಜೆರ್ಸಿಯಲ್ಲಿ ಹ್ಯಾನಾ ಸಾಲ್ಟರ್‌ಳನ್ನು ಮದುವೆಯಾಗಿ, ಆಮೇಲೆ ಕಬ್ಬಿಣದ ಕೆಲಸ ಹಿಡಿದು ಪೆನ್ಸಿಲ್ವೇನಿಯಾಕ್ಕೆ ಹೋದ. 1733ರಲ್ಲಿ ಅವನು ಕಟ್ಟಿಸಿದ ಕಲ್ಲಿನ ಮನೆ ಇಂದಿಗೂ ಅಲ್ಲಿ ನಿಂತಿದೆ.

ಅವನ ಉಯಿಲಿನ ತಾರೀಖು 1735/6ರ ಫೆಬ್ರವರಿ 22. ಈ ಓರೆಗೆರೆಯನ್ನು ಬಿಡಬಾರದು. 1752ರವರೆಗೆ ಇಂಗ್ಲಿಷರ ವಸಾಹತುಗಳಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ. ಜನವರಿ, ಫೆಬ್ರವರಿಗಳು ಹಳೆಯ ವರ್ಷದ ಬಾಲ. ಅವರ ಲೆಕ್ಕದಲ್ಲಿ 1735, ನಮ್ಮ ಲೆಕ್ಕದಲ್ಲಿ 1736. ಉಯಿಲು ರುಜುವಾತಾದದ್ದು 1736ರ ಜೂನ್‌ನಲ್ಲಿ, ಬರೆದು ನಾಲ್ಕೇ ತಿಂಗಳಿಗೆ. ಗೆರೆ ಬಿಟ್ಟು 1735 ಎಂದು ನಕಲು ಮಾಡಿದರೆ ಅದು ಹದಿನಾರು ತಿಂಗಳಾಗುತ್ತದೆ. ಕ್ವೇಕರ್ ಪುಸ್ತಕಗಳಲ್ಲಾದರೆ ತಿಂಗಳಿಗೂ ಅಂಕೆಯೇ, ಮೊದಲ ತಿಂಗಳೆಂದರೆ ಮಾರ್ಚ್.

ಆ ಉಯಿಲಿನಲ್ಲಿ ಹಿರಿಯ ಮಗ ಜಾನ್‌ಗೆ ಜೆರ್ಸಿಯ 300 ಎಕರೆ ಇದೆ. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದವನಿಗೆ ಹಳೆಯ ಸೀಮೆಯ ಜಮೀನು. 1748ರಲ್ಲಿ ಜಾನ್ ಲಿಂಕನ್ ಎಂಬ ನೇಕಾರ ಪೆನ್ಸಿಲ್ವೇನಿಯಾದಲ್ಲಿ ಕೂತು ನ್ಯೂ ಜೆರ್ಸಿಯ 300 ಎಕರೆ ಮಾರುತ್ತಾನೆ, ಅದು ತಂದೆ ಮಾರ್ಡೆಕೈಯಿಂದ ಬಂದದ್ದೆಂದು ಕ್ರಯಪತ್ರದಲ್ಲೇ ಹೇಳುತ್ತಾನೆ. ಮಾರುವವನು ತನಗೆ ಹಕ್ಕು ಹೇಗೆ ಬಂತೆಂದು ಹೇಳಲೇಬೇಕು, ಇಲ್ಲದಿದ್ದರೆ ಕೊಳ್ಳುವವನು ದುಡ್ಡು ಬಿಚ್ಚುವುದಿಲ್ಲ. ಹಾಗಾಗಿ ವಂಶದ ವಿಷಯದಲ್ಲಿ ಕ್ರಯಪತ್ರದಷ್ಟು ನೇರವಾದ ಕಾಗದ ಕಡಿಮೆ. ನ್ಯೂ ಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ಈ ಒಂದು ಜಮೀನಿನಿಂದ ಬೆಸೆದುಕೊಂಡವು. ಇದನ್ನು ತರಿಸಿಕೊಳ್ಳಲು 1848ರಲ್ಲಿ ಲಿಂಕನ್‌ಗೆ ಬೇಕಾಗಿದ್ದದ್ದು ಒಂದು ಸುಳಿವು ಮಾತ್ರ, ಮುತ್ತಜ್ಜನ ಹೆಸರು ಜಾನ್ ಎಂಬುದು.

ಕ್ವೇಕರ್ ಎಂಬ ಮಾತು ಎಲ್ಲಿಂದ ಬಂತು? ಹಿಂಗಮ್‌ನ ಲಿಂಕನ್ನರು ಕ್ವೇಕರರಲ್ಲ. ಆದರೆ ಮಾರ್ಡೆಕೈ ಸತ್ತ ಮೇಲೆ ಹುಟ್ಟಿದ ಮಗ, ಜಾನ್‌ನ ಮಲತಮ್ಮ, ಅವನೂ ಅಬ್ರಹಾಂ, ನೆರೆಯ ಕ್ವೇಕರ್ ಕುಟುಂಬದ ಆ್ಯನ್ ಬೂನ್‌ಳನ್ನು ಮದುವೆಯಾದ. ಪಂಥದ ಹೊರಗೆ ಮದುವೆಯಾದಳೆಂದು ಎಕ್ಸೆಟರ್‌ನ ಕ್ವೇಕರ್ ಸಭೆ ಅವಳನ್ನು ತಪ್ಪಿತಸ್ಥಳನ್ನಾಗಿಸಿತು. ಬಹುಶಃ ಈ ನೆರೆಹೊರೆಯ ನೆನಪೇ ತಲೆಮಾರು ದಾಟುವಾಗ ನೇರ ಪೂರ್ವಜರ ಮೇಲೆ ಕೂತಿತು. ಮನೆಯ ಮಾತು ಸುಳ್ಳಲ್ಲ, ಅಕ್ಕಪಕ್ಕದವರದು.

ಮಾರ್ಡೆಕೈ ನ್ಯೂ ಜೆರ್ಸಿಯಲ್ಲಿದ್ದ ವರ್ಷಗಳಿಗೆ ಇನ್ನೊಂದು ಸಾಕ್ಷಿ ಮಾನ್ಮತ್ ಕೌಂಟಿಯ ಗುಡ್ಡದ ಮೇಲಿನ ಸ್ಮಶಾನದಲ್ಲಿ ಇದೆ. ಸಣ್ಣ ಕಲ್ಲು. ಡೆಬೊರಾ ಲಿಂಕನ್, ಎರಡನೇ ‘ಎಲ್’ ಇಲ್ಲದೆ ಕೆತ್ತಿದ್ದಾರೆ. ವಯಸ್ಸು 3 ವರ್ಷ 4 ತಿಂಗಳು, 1720ರ ಮೇ 15. ಹಿಂದಕ್ಕೆ ಎಣಿಸಿದರೆ ಹುಟ್ಟಿದ್ದು 1716/17ರ ಜನವರಿ. ಜಾನ್‌ಗೆ ಅವಳು ಮರು ವರ್ಷದ ತಂಗಿ. ಅಪ್ಪನ ಉಯಿಲಿನಲ್ಲಿ ಅವಳ ಹೆಸರಿಲ್ಲ. ಉಯಿಲು ಬರೆಯುವ ಹೊತ್ತಿಗೆ ಅವಳು ಹೋಗಿ ಹದಿನಾರು ವರ್ಷವಾಗುತ್ತಾ ಬಂದಿತ್ತು.